ಪ್ರಾಯೋಜಕರು ಕೈಬಿಟ್ಟ ಜೆಟ್ ತಂಡ

ಎಂ.ಎ. ಮುಗಿಸಿ ಮಸ್ಕಿಗೆ ಬಂದ ವರ್ಷ, ಲಿಂಗಸುಗೂರಿನ ಒಂದು ಕಾಲೇಜು ನನ್ನನ್ನು ಭಾಷಣಕ್ಕೆ ಕರೆಯಿತು. ನಾನು ಆರಿಸಿಕೊಂಡದ್ದು ಯುರೋಪಿನ ಒಂದು ಖಾಸಗಿ ತಂಡದ ಚರಿತ್ರೆ. ವಾಯುಪಡೆ ಬಿಟ್ಟ ಪೈಲಟ್‌ಗಳು ಹಳೆಯ ಜೆಟ್‌ಗಳನ್ನು ಕೊಂಡು, ರೆಕ್ಕೆಗೆ ರೆಕ್ಕೆ ತಾಗುವಂತೆ ಹಾರುತ್ತ ಆಕಾಶದಲ್ಲಿ ಕಸರತ್ತು ತೋರಿಸುತ್ತಿದ್ದರು. ವಿಮಾನದ ಮೈಮೇಲೆ ಪ್ರಾಯೋಜಕ ಕಂಪನಿಯ ಹೆಸರಿರುತ್ತಿತ್ತು. ಕಂಪನಿ ಕೈಬಿಟ್ಟಿತು, ತಂಡ ನಿಂತಿತು.

ಸಭೆಯ ಖರ್ಚು ಸಿಂಧನೂರಿನ ಒಬ್ಬ ಅಕ್ಕಿ ಗಿರಣಿ ಮಾಲೀಕರದು. ಬ್ಯಾನರಿನಲ್ಲಿ ಜೆಟ್‌ಗಿಂತ ಅವರ ಮುಖವೇ ದೊಡ್ಡದಿತ್ತು. ಶಾಲು, ಹಾರ, ಪೇಟಗಳಲ್ಲೇ ಹೊತ್ತು ಹೋಯಿತು. ನನ್ನ ಭಾಷಣದ ಸಾರಾಂಶವನ್ನು ಪ್ರಾಚಾರ್ಯರು ಅವರಿಗೆ ಮೊದಲೇ ಓದಿ ಹೇಳಿದ್ದರಂತೆ. ವೇದಿಕೆಯ ಮೇಲೆಯೇ ಮಾಲೀಕರು ನನ್ನತ್ತ ಬಾಗಿದರು.

“ತಂಗಿ, ವಿಮಾನ ಹಾರಿದ್ದು ಹೇಳು, ಸಾಕು. ರೊಕ್ಕ ಕೊಡಾಂವ ಬಿಟ್ಟು ಹ್ವಾದ ಅಂತ ಯಾಕ ಹೇಳ್ತಿ? ಮಂದಿ ನನ್ನ ಮಾರಿ ನೋಡ್ತಾರ.”

“ಅದು ಆ ಕಂಪನಿ ಸುದ್ದಿರೀ, ನಿಮ್ಮದಲ್ಲ.”

“ನಮ್ಮ ಗಿರಣಿನೂ ಕಂಪನೀನ ಐತಲ್ಲವಾ!”

ಪ್ರಾಚಾರ್ಯರು ಹಲ್ಲು ಕಿರಿದರು. “ಕೊನೀ ಭಾಗ ಬಿಟ್ಟುಬಿಡ್ರಿ ಮೇಡಂ. ಹುಡುಗರಿಗೆ ಏನ್ ಗೊತ್ತಾಗ್ತೈತಿ?”

ಇವರು ಕಲಿಸುತ್ತಿದ್ದುದು ಅದೇ ಹುಡುಗರಿಗೆ. ಕೊನೆ ಬಿಟ್ಟರೆ ನನ್ನ ಕೈಯಲ್ಲಿ ಉಳಿಯುತ್ತಿದ್ದುದು ಬರೀ ಜಾಹೀರಾತು. ನಾನು ಕೊನೆಯಿಂದಲೇ ಶುರುಮಾಡಿದೆ: ತಂಡ ಯಾಕೆ ನಿಂತಿತು, ಯಾರು ಕೈಬಿಟ್ಟರು. ಮಾಲೀಕರು ಪೇಟ ತೆಗೆಯದೆ ಎದ್ದು ನಡೆದರು. ಅವರನ್ನು ಕಾರು ಹತ್ತಿಸಲು ಪ್ರಾಚಾರ್ಯರೂ, ಅವರ ಹಿಂದೆ ಉಪನ್ಯಾಸಕರೆಲ್ಲರೂ ಓಡಿದರು. ವಿದ್ಯಾರ್ಥಿಗಳು ಕುಳಿತೇ ಇದ್ದರು. ಅವರಿಗೆ ಮೊದಲಿನಿಂದ ಹೇಳಿದೆ.