ಐವತ್ತನೆಯ ಕ್ರಿಯಾಪದ ಮತ್ತು ಹೊಂಗಡಹಳ್ಳದ ಬಚ್ಚಲು

ಮೈಸೂರಿನಿಂದ ಬೆಳಗ್ಗೆ ಆರೂವರೆಗೆ ಹೊರಟ ಕೆಂಪು ಬಸ್ಸಿನಲ್ಲಿ ಕಂಡಕ್ಟರು ನನಗೆ ಸೊನ್ನೆ ರೂಪಾಯಿಯ ಟಿಕೆಟ್ಟು ಕೊಟ್ಟರು. ಹೆಂಗಸರಿಗೆ ಸರ್ಕಾರಿ ಬಸ್ಸು ಪುಕ್ಕಟೆಯಾದಾಗಿನಿಂದ ನನಗೆ ತಿರುಗಾಟದ ಚಪಲ ಹೆಚ್ಚಾಗಿದೆ ಎಂದು ಮನೆಯಲ್ಲಿ ಆಡಿಕೊಳ್ಳುತ್ತಾರೆ. ಈ ಸಲ ಹೊರಟದ್ದು ಚಪಲಕ್ಕಲ್ಲ. ನಾನು ಒಂದು ಸಣ್ಣ ಪ್ರಕಾಶನದಲ್ಲಿ ಕರಡು ತಿದ್ದುವವಳು. ಮಡಿಲಲ್ಲಿದ್ದ ಚೀಲದೊಳಗೆ ಒಂದು ಪುಸ್ತಕದ ಕರಡಿತ್ತು. ಮೂರು ಸಾವಿರ ವರ್ಷಗಳಿಗೂ ಹಿಂದೆ, ಈಗಿನ ಟರ್ಕಿಯಲ್ಲಿರುವ ಅನಟೋಲಿಯದ ನೆಲದಲ್ಲಿ ಜನ ಆಡುತ್ತಿದ್ದ, ಆಮೇಲೆ ಆಡುವವರೇ ಇಲ್ಲದೆ ಹೋದ ಭಾಷೆಗಳ ಐವತ್ತು ಕ್ರಿಯಾಪದಗಳ ಮೂಲ ಹುಡುಕುವ ಪುಸ್ತಕ ಅದು. ಬರೆದವರು ಇಬ್ಬರು. ಒಬ್ಬರು ಆಲೂರು ತಾಲ್ಲೂಕು ಪಾಳ್ಯದ ಮಲ್ಲಪ್ಪ ಮೇಷ್ಟ್ರು, ಹೈಸ್ಕೂಲಿನಲ್ಲಿ ಚರಿತ್ರೆ ಹೇಳಿಕೊಟ್ಟು ನಿವೃತ್ತರಾದವರು. ಇನ್ನೊಬ್ಬರು ಸಕಲೇಶಪುರದಾಚೆ ಹೊಂಗಡಹಳ್ಳದ ಕಾಫಿ ಬೆಳೆಗಾರ ತಮ್ಮೇಗೌಡರು. ನಲವತ್ತೊಂಬತ್ತು ಪದಗಳು ಮುಗಿದಿದ್ದವು. ಐವತ್ತನೆಯದಕ್ಕೆ ಇಬ್ಬರೂ ಒಂದೊಂದು ಪುಟ ಬರೆದು ಕಳಿಸಿದ್ದರು. ಒಂದು ಹೌದೆಂದರೆ ಇನ್ನೊಂದು ಅಲ್ಲ ಎನ್ನುತ್ತಿತ್ತು.

ಜಗಳ ಇಷ್ಟೇ. ಮಣ್ಣಿನ ಹಲಗೆಗಳ ಮೇಲೆ ಬರೆದುಳಿದ ಹಿಟ್ಟೈಟ್ ಭಾಷೆಯಲ್ಲಿ ‘ಲಾಹು’ ಎಂದರೆ ಹುಯ್ಯುವುದು. ಅದರ ಸೋದರ ಭಾಷೆಯಾದ ಲೂವಿಯನ್ನಿನಲ್ಲಿ ಅದೇ ಪದ ಸವೆದು ‘ಲೂವ’ ಆಗಿದೆ, ಅಲ್ಲೂ ಹುಯ್ಯುವುದೇ. ಆದರೆ ದೂರದ ನೆಂಟರಾದ ಗ್ರೀಕ್, ಲ್ಯಾಟಿನ್‌ಗಳಲ್ಲಿ ಇದಕ್ಕೆ ಸಂಬಂಧವಿದ್ದಂತೆ ಕಾಣುವ ಪದಗಳಿಗೆ ಮೀಯುವುದು, ತೊಳೆಯುವುದು ಎಂಬ ಅರ್ಥ. ಹಾಗಾದರೆ ಎಲ್ಲಕ್ಕೂ ತಾಯಿಯಾದ ಪದದಲ್ಲಿ ಯಾವುದು ಮೊದಲು? ಹುಯ್ಯುವುದು ಎಂದು ಮೇಷ್ಟ್ರು. ತೊಳೆಯುವುದು ಎಂದು ಗೌಡರು. ಗಿಡಕ್ಕೆ ನೀರೆರೆಯುವುದು, ಕೂಸಿಗೆ ಎರೆಯುವುದು ಎಂದು ನಮ್ಮ ‘ಎರೆ’ ಕೂಡ ಎರಡೂ ಕೆಲಸ ಮಾಡುತ್ತದಲ್ಲ ಎಂದು ನಾನೊಮ್ಮೆ ಫೋನಿನಲ್ಲಿ ಜಾಣತನ ತೋರಿಸಲು ಹೋಗಿದ್ದೆ. ಅದು ತಮಗೆ ಮೊದಲ ದಿನವೇ ಗೊತ್ತಿತ್ತೆಂದೂ ಅದರಿಂದ ಯಾವುದು ಮೊದಲೆಂಬುದು ತಿಳಿಯುವುದಿಲ್ಲವೆಂದೂ ಇಬ್ಬರೂ ಬೇರೆ ಬೇರೆ ದಿನ ಒಂದೇ ಮಾತು ಹೇಳಿ ನನ್ನ ಬಾಯಿ ಮುಚ್ಚಿಸಿದ್ದರು.

ವರ್ಷದಿಂದ ಇಬ್ಬರ ನಡುವೆ ಮಾತಿರಲಿಲ್ಲ. ಮೇಷ್ಟ್ರ ಪುಟ ಅಚ್ಚಾಗುವುದಾದರೆ ತಮ್ಮ ಹೆಸರು ತೆಗೆದುಬಿಡಿ ಎಂದು ಗೌಡರು ಬರೆದಿದ್ದರು. ಗೌಡರ ಹೆಸರಿಲ್ಲದಿದ್ದರೆ ನನ್ನದೂ ಬೇಡ ಎಂದು ಮೇಷ್ಟ್ರು. ಇಬ್ಬರ ರುಜುವಿರುವ ಒಂದೇ ಒಂದು ಪುಟ ತಾ, ಇಲ್ಲದಿದ್ದರೆ ಕರಡನ್ನು ಅಟ್ಟಕ್ಕೆ ಹಾಕು ಎಂದು ಪ್ರಕಾಶನದ ಯಜಮಾನರು ಹೇಳಿ ಕಳಿಸಿದ್ದರು. ಈ ಪುಸ್ತಕದ ಒಂದೊಂದು ಅಕ್ಷರವನ್ನೂ ನಾಲ್ಕು ಸಲ ಓದಿದವಳು ನಾನು. ಅದು ಅಟ್ಟ ಸೇರುವುದು ನನಗೆ ಬೇಕಿರಲಿಲ್ಲ.

ಹಾಸನದಲ್ಲಿ ಇಳಿದು ಇಡ್ಲಿ, ಕೇಸರಿಬಾತು ತಿಂದೆ. ಬಿಸಿಲು ಆಗಲೇ ಚುರುಗುಟ್ಟುತ್ತಿತ್ತು. ಸಕಲೇಶಪುರದ ಬಸ್ಸು ಆಲೂರು ದಾಟಿ ಪಾಳ್ಯದಲ್ಲಿ ನನ್ನನ್ನು ಇಳಿಸಿದಾಗ ಹನ್ನೊಂದೂವರೆ. ಮೇಷ್ಟ್ರ ಮನೆ ಹೆದ್ದಾರಿಯಿಂದ ಐದು ನಿಮಿಷದ ನಡಿಗೆ. ಅವರ ಹೆಂಡತಿ ಪಾರ್ವತಮ್ಮ ರಾಗಿ ರೊಟ್ಟಿ ತಟ್ಟುತ್ತಿದ್ದರು. ಎಲೆ ಹಾಕುವ ಮೊದಲೇ ದೂರು ಶುರುವಾಯಿತು.

“ಗೌಡ್ರ ಮಗಳು ಬಾಣಂತಿ ಕಣವ್ವ. ಕೂಸಿಗೆ ಎರಡು ತಿಂಗಳು ತುಂಬ್ತು. ಇವ್ರು ಇನ್ನೂ ನೋಡಾಕ್ ಹೋಗಿಲ್ಲ. ಮಾತು ಬುಟ್ರೆ ಬುಡ್ಲಿ, ಕೂಸು ನೋಡಾದು ಬುಡ್ತಾರಾ ಯಾರಾದ್ರೂ?”

ಮೇಷ್ಟ್ರು ಕನ್ನಡಕ ಒರೆಸುತ್ತ ಕೂತಿದ್ದರು. ನಮ್ಮ ಕಡೆ ಎಂಥ ಹಗೆಯಿದ್ದರೂ ಮಗು ನೋಡಲು ಹೋಗದಿರುವುದು ಮರ್ಯಾದೆಯಲ್ಲ. ಅದು ಅವರಿಗೂ ಗೊತ್ತಿತ್ತು. “ನೀನು ಹೆಂಗೂ ಹೋಗ್ತೀಯಲ್ಲಮ್ಮ, ನಿನ್ ಜೊತೆ ಬತ್ತೀನಿ. ಆದ್ರೆ ಪದದ ಸುದ್ದಿ ನಾನು ಎತ್ತಲ್ಲ, ಹೇಳಿರ್ತೀನಿ” ಎಂದರು. ನನಗೆ ರೊಟ್ಟಿ ಇನ್ನೂ ರುಚಿಯಾಯಿತು. ಅವತ್ತು ಅಲ್ಲೇ ಉಳಿದೆ.

ಮರುದಿನ ಬೆಳಗ್ಗೆ ಪಾರ್ವತಮ್ಮ ಮಗು ನೋಡಲು ಒಯ್ಯುವ ಸಾಮಾನನ್ನು ಚೀಲಕ್ಕೆ ತುಂಬಿ ಕೊಟ್ಟರು: ಕೊಬ್ಬರಿ, ಬೆಲ್ಲ, ತುಪ್ಪದ ಡಬ್ಬಿ, ಕೂಸಿಗೆ ಒಂದು ಅಂಗಿ, ಕುಲಾವಿ. ಎತ್ತಿ ನೋಡಿದೆ. ಅಷ್ಟು ಸಾಮಾನಿಗೆ ಚೀಲ ಭಾರವೇ ಅನ್ನಿಸಿತು. ತುಪ್ಪವಿರಬೇಕು ಎಂದುಕೊಂಡೆ.

ಸಕಲೇಶಪುರದಲ್ಲಿ ಬಸ್ಸು ಬದಲಾಯಿಸಿ ಬಿಸಿಲೆ ಘಾಟಿಯ ಕಡೆಗೆ ಹೋಗುವ ಬಸ್ಸು ಹಿಡಿದೆವು. ಮೇಷ್ಟ್ರು ದುಡ್ಡು ಕೊಟ್ಟು ಟಿಕೆಟ್ ಕೊಂಡರು, ನಾನು ಮತ್ತೆ ಸೊನ್ನೆ. ತಿರುವುಗಳಲ್ಲಿ ಹೊಟ್ಟೆ ತೊಳಸದಿರಲೆಂದು ನಾನು ನಿಂಬೆಹಣ್ಣು ಮೂಸುತ್ತ ಕೂತಿದ್ದೆ. ಅರ್ಧ ದಾರಿಯಲ್ಲಿ ಅದನ್ನು ನನ್ನ ಚೀಲಕ್ಕೆ ಹಾಕಿದೆ, ಬೇಕಾಗಲಿಲ್ಲ. ಹೂಮಳೆ ಬಿದ್ದು ಒಂಬತ್ತು ದಿನವಾಗಿತ್ತಂತೆ. ಎರಡೂ ಬದಿಯ ತೋಟಗಳಲ್ಲಿ ಕಾಫಿ ಅರಳಿ, ಗಿಡದ ರೆಂಬೆ ರೆಂಬೆಗೂ ಮಂಡಕ್ಕಿ ಸುರಿದ ಹಾಗೆ ಬೆಳ್ಳಗಾಗಿತ್ತು. ಕಿಟಕಿಯಿಂದ ಬಂದ ಘಮ ಇಡೀ ಬಸ್ಸನ್ನು ತುಂಬಿತು. ನನಗೆ ಸುಮ್ಮಸುಮ್ಮನೆ ನಗು ಬರುತ್ತಿತ್ತು. ಮೇಷ್ಟ್ರು ಮಾತ್ರ ಚೀಲವನ್ನು ಅಪ್ಪಿಕೊಂಡು ಪರೀಕ್ಷೆಗೆ ಹೊರಟವರಂತೆ ಕೂತಿದ್ದರು.

ಹತ್ತೂವರೆಗೆ ಹೊಂಗಡಹಳ್ಳ. ಗೌಡರು ಕಾಫಿ ಒಣಗಿಸುವ ಕಣದ ಅಂಚಿನಲ್ಲಿ ಪೇಪರ್ ಓದುತ್ತಿದ್ದರು. ನನ್ನನ್ನು ನೋಡಿ ಎದ್ದರು, ನನ್ನ ಹಿಂದಿದ್ದವರನ್ನು ನೋಡಿ ಅಲ್ಲೇ ನಿಂತರು.

“ಕೂಸು ನೋಡಾಕ್ ಬಂದೆ, ಗೌಡ್ರೆ” ಎಂದರು ಮೇಷ್ಟ್ರು. ಮೊದಲೆಲ್ಲ ‘ತಮ್ಮಣ್ಣ’ ಎಂದೇ ಕರೆಯುತ್ತಿದ್ದವರು.

“ಬನ್ನಿ ಮೇಷ್ಟ್ರೆ” ಎಂದರು ಗೌಡರು. ಮೊದಲೆಲ್ಲ ‘ಬಾ ಮಾರಾಯ’ ಎನ್ನುತ್ತಿದ್ದವರು. “ಕೂಸಿಗೆ ನೀರು ಹಾಕೋ ಹೊತ್ತು. ಕೂತಿರಿ.”

ಕೂತೆವು. ಕಾಫಿ ಬಂತು. ಗೌಡರು ಹೂವಿನ ಬಗ್ಗೆ ನನಗೆ ಹೇಳಿದರು, ಮೇಷ್ಟ್ರು ಬಿಸಿಲಿನ ಬಗ್ಗೆ ನನಗೆ ಹೇಳಿದರು. ನಡುವೆ ಕೂತು ನನ್ನ ಕತ್ತು ನೋಯತೊಡಗಿತು. ಅಷ್ಟರಲ್ಲಿ ಮನೆಯ ಹಿಂದಿನಿಂದ ಒಂದು ಗಟ್ಟಿ ದನಿ ಕರೆಯಿತು.

“ಯಾರಾದ್ರೂ ಬನ್ರವ್ವ, ನೀರು ಹುಯ್ಯೋರಿಲ್ಲ.”

ಅದು ದ್ಯಾವಮ್ಮನ ದನಿ. ಸುತ್ತಿನ ನಾಲ್ಕೂರ ಕೂಸುಗಳಿಗೆ ಸ್ನಾನ ಮಾಡಿಸುವವಳು ಆಕೆ. ದಿನವೂ ಪಕ್ಕದಲ್ಲಿ ನಿಂತು ಚೆಂಬು ಹಿಡಿಯುತ್ತಿದ್ದ ಗೌಡರ ಹೆಂಡತಿ ಅವತ್ತು ಮದುವೆಗೆ ಹೋಗಿದ್ದರು. ಮಗಳು ತನ್ನ ಸ್ನಾನ ಮುಗಿಸಿ, ಹೊದ್ದು ಬೆವರುತ್ತ ಮಲಗಿದ್ದಳು. ನಾನು ಏಳುವಷ್ಟರಲ್ಲಿ ದ್ಯಾವಮ್ಮನೇ ಬಾಗಿಲಿಗೆ ಬಂದು ನನ್ನ ಕೈ ನೋಡಿದಳು. ಅಡುಗೆಯಲ್ಲಿ ಸುಟ್ಟುಕೊಂಡ ಬೆರಳಿಗೆ ನಾನು ಬಟ್ಟೆ ಸುತ್ತಿದ್ದೆ. ಆ ಕೈ ಕೂಸಿಗೆ ಬೇಡವೆಂದು ತಲೆಯಾಡಿಸಿ, ಗಂಡಸರ ಕಡೆ ತಿರುಗಿದಳು. “ನೀವಿಬ್ರೂ ಎದ್ದೇಳಿ.”

ಆಗ ನನಗೊಂದು ವಿಷಯ ಹೊಳೆಯಿತು. ಇವರಿಬ್ಬರಿಗೂ ಸೇರಿ ಐದು ಮಕ್ಕಳು, ಆರು ಮೊಮ್ಮಕ್ಕಳು. ಹುಯ್ಯುವುದು, ತೊಳೆಯುವುದು ಎಂದು ವರ್ಷಗಟ್ಟಲೆ ಕಾಗದ ತುಂಬಿಸಿದವರು. ಆದರೆ ಕೂಸಿಗೆ ಎರೆಯುವಾಗ ಗಂಡಸರು ಬಚ್ಚಲ ಕಡೆ ಸುಳಿಯುವ ರೂಢಿ ಇಲ್ಲಿಲ್ಲ. ಈ ಇಬ್ಬರು ಪಂಡಿತರು ಒಂದು ದಿನವೂ ಆ ಬಾಗಿಲಲ್ಲಿ ನಿಂತು ನೋಡಿದವರಲ್ಲ.

ದ್ಯಾವಮ್ಮ ಮಣೆಯ ಮೇಲೆ ಕೂತು, ಕಾಲು ನೀಡಿ, ಎಣ್ಣೆ ಹಚ್ಚಿದ ಕೂಸನ್ನು ಆ ಕಾಲುಗಳ ಮೇಲೆ ಅಂಗಾತ ಮಲಗಿಸಿಕೊಂಡಳು. ಹಂಡೆಯಿಂದ ಹಬೆ ಏಳುತ್ತಿತ್ತು. ಮೇಷ್ಟ್ರ ಕೈಗೆ ಚೆಂಬು. ಗೌಡರಿಗೆ, ಕೂಸಿನ ಹಣೆಗೆ ಅಂಗೈ ಅಡ್ಡ ಹಿಡಿದು ಕಣ್ಣಿಗೆ ನೀರು ಹೋಗದಂತೆ ನೋಡಿಕೊಳ್ಳುವ ಕೆಲಸ. ನಾನು ಹೊಸ್ತಿಲಲ್ಲಿ ನಿಂತೆ.

“ಮೊದಲ್ನೇ ಚೆಂಬು ನೆಲಕ್ಕೆ” ಎಂದಳು ದ್ಯಾವಮ್ಮ. ಮೇಷ್ಟ್ರು ನೆಲಕ್ಕೆ ಹುಯ್ದರು. “ಈಗ ಎದೆಗೆ. ಮೆತ್ತಗೆ. ನಾನು ಕೈ ಆಡ್ಸೋ ಕಡೆ ಮಾತ್ರ ಹುಯ್ಯಿ ಮೇಷ್ಟ್ರೆ. ಕೈ ಇಲ್ದೆ ಬರೀ ನೀರು ಬಿದ್ರೆ ಕೂಸು ಬೆಚ್ಚಿ ಬೀಳ್ತದೆ.”

ಮೇಷ್ಟ್ರು ಒಮ್ಮೆ ತಪ್ಪಿ ಬರೀ ನೀರು ಹುಯ್ದರು. ಕೂಸು ಬೆಚ್ಚಿ ಕೈಕಾಲು ಚೆಲ್ಲಿ ಕಿರುಚಿತು. ಮುಂದಿನ ಚೆಂಬು ಆಕೆಯ ಕೈ ಹಿಂದೆಯೇ ಹೋಯಿತು. ಅಳು ನಿಂತಿತು. ಮೇಷ್ಟ್ರು ಹುಬ್ಬು ಗಂಟಿಕ್ಕಿ ಆ ಕೈಯನ್ನೇ ನೋಡುತ್ತಿದ್ದರು.

ಗೌಡರಿಗೆ ಬೇರೊಂದು ಅನುಮಾನ. “ದಿನಾ ಇಷ್ಟೊಂದು ನೀರು ಯಾಕೆ ದ್ಯಾವಮ್ಮ? ಕೂಸು ಅಷ್ಟು ಕೊಳೆ ಆಗಿರ್ತದಾ?”

“ಕೊಳೆಗೆ ಅಂತ ಯಾರ್ ಹೇಳಿದ್ರು ಗೌಡ್ರೆ? ಎರಡು ತಿಂಗಳ ಕೂಸು ಏನ್ ಗದ್ದೆ ಉತ್ಕೊಂಡ್ ಬಂದೈತಾ? ಮೈ ಹಗುರ ಆಗ್ಲಿ, ನಿದ್ದೆ ಬರ್ಲಿ ಅಂತ ನೀರು. ತೊಳಿಯಾದು ಮಧ್ಯದಲ್ಲಿ ತಾನೇ ಆಯ್ತದೆ.”

ಕೊನೆಯ ಚೆಂಬನ್ನು ದ್ಯಾವಮ್ಮ ತಾನೇ ತೆಗೆದುಕೊಂಡು, ದೃಷ್ಟಿ ಹೋಗಲೆಂದು ಕೂಸಿಗೆ ಮೂರು ಸಲ ನಿವಾಳಿಸಿ ಮೂಲೆಗೆ ಚೆಲ್ಲಿದಳು. ಅದರ ಒಂದು ಹನಿಯೂ ಕೂಸಿನ ಮೈ ಮೇಲೆ ಬೀಳಲಿಲ್ಲ. ಗೌಡರು ಅದು ಹರಿದುಹೋಗುವುದನ್ನು ನೋಡುತ್ತ ನಿಂತುಬಿಟ್ಟರು.

ಹೊರಗೆ ಬಂದಾಗ ಇಬ್ಬರೂ ಸೊಂಟದವರೆಗೆ ತೊಯ್ದಿದ್ದರು. ಮೇಷ್ಟ್ರು ಟವೆಲು ಸಿಕ್ಕೀತೇ ಎಂದು ಪಾರ್ವತಮ್ಮ ಕೊಟ್ಟ ಚೀಲಕ್ಕೆ ಕೈ ಹಾಕಿದರೆ ಕುಲಾವಿಯ ಕೆಳಗೆ ಅವರದೇ ಪಂಚೆ, ಅವರದೇ ಅಂಗಿ. “ಇವ್ಳು ಯಾವಾಗ ಇಟ್ಲು” ಎಂದು ಗೊಣಗುತ್ತ ಉಟ್ಟುಕೊಂಡು ಬಂದರು. ಬಂದವರೇ ಕೂರುವ ಮೊದಲೇ ಹೇಳಿದರು:

“ತಮ್ಮಣ್ಣ, ನೀನು ಹೇಳಿದ್ದೇ ಸರಿ ಕಣೋ. ತೊಳಿಯೋ ಕೈ ಮುಂದೆ ಹೋಯ್ತದೆ, ನೀರು ಅದ್ರ ಹಿಂದೆ ಬತ್ತದೆ.”

“ಇಲ್ಲ ಮಾರಾಯ” ಎಂದರು ಗೌಡರು. “ನೀನೇ ಸರಿ. ಮೊದಲ್ನೇ ಚೆಂಬು ನೆಲಕ್ಕೆ, ಕೊನೇದು ದೃಷ್ಟಿಗೆ. ಎರಡ್ರಲ್ಲೂ ತೊಳಿಯಾದೇ ಇಲ್ಲ. ಹುಯ್ಯಾದೇ ದೊಡ್ಡದು.”

“ನಿಂಗೆ ಹೇಳಿದ್ದು ಅರ್ಥ ಆಗಲ್ವಾ? ನಾನು ಸೋತೆ ಅಂತಿದೀನಿ.”

“ನೀನ್ ಹೆಂಗ್ ಸೋಲ್ತೀಯ? ಸೋತಿದ್ದು ನಾನು.”

ದನಿ ಏರಿತು. ಇಬ್ಬರೂ ಪಕ್ಷ ಬದಲಾಯಿಸಿ ಮೊದಲಿಗಿಂತ ಜೋರಾಗಿ ಜಗಳಕ್ಕೆ ನಿಂತಿದ್ದರು. ನಾನು ನನ್ನ ಚೀಲದಲ್ಲಿದ್ದ ಕರಡನ್ನು ಮುಟ್ಟಿ ನೋಡಿಕೊಂಡೆ. ಅಟ್ಟವೇ ಗತಿ ಅನ್ನಿಸಿ ಅಳು, ನಗು ಎರಡೂ ಒಟ್ಟಿಗೆ ಬಂದವು. ಸಾಂಬ್ರಾಣಿ ಹೊಗೆ ಹಾಕಿ ಕೂಸನ್ನು ತೊಟ್ಟಿಲಿಗೆ ಹಾಕಿದ್ದ ದ್ಯಾವಮ್ಮ ಆಗ ಹೊರಗೆ ಬಂದಳು. ಆಕೆಯ ದನಿ ಈಗ ಪಿಸುಮಾತಿನಷ್ಟೇ ಇತ್ತು.

“ಕೂಸು ಮಲಗೈತೆ. ನೀರು ಹಾಕಿದ್ ಮೇಲೆ ಎಬ್ಸಂಗಿಲ್ಲ. ಮಾತಾಡಾದಾದ್ರೆ ಮೆತ್ತಗೆ, ಇಲ್ದಿದ್ರೆ ತೋಟಕ್ಕೆ ಹೋಗಿ.”

ಸ್ನಾನವಾದ ಕೂಸಿನ ನಿದ್ದೆಗೆ ಈ ಮನೆಗಳಲ್ಲಿ ಯಜಮಾನನೂ ಹೆದರುತ್ತಾನೆ. ಇಬ್ಬರೂ ಬೆಂಚಿನ ಮೇಲೆ ಕೂತು ಪಿಸುಗುಟ್ಟತೊಡಗಿದರು. ಗೌಡರ ಎಡಗಿವಿ ಮಂದ. ಪಿಸುಮಾತು ಕೇಳಬೇಕಾದರೆ ಮೇಷ್ಟ್ರು ಬಲಕ್ಕೆ ಬಂದು ತಲೆಗೆ ತಲೆ ತಾಗಿಸಿ ಕೂರಬೇಕು. ಹಾಗೇ ಕೂತರು. ತಲೆಗೆ ತಲೆ ತಾಗಿಸಿಕೊಂಡು ಎಷ್ಟು ಹೊತ್ತು ಜಗಳವಾಡಲು ಸಾಧ್ಯ? ಕಾಲು ಗಂಟೆಯಲ್ಲಿ ಗೌಡರು ನನ್ನ ಕಡೆ ಕೈ ಚಾಚಿ ಕಾಗದ ಕೇಳಿದರು. ಮೇಷ್ಟ್ರು ಹೇಳಿದರು, ಗೌಡರು ಬರೆದರು. ಮುಂದಿನ ವಾಕ್ಯ ಗೌಡರದು, ಮೇಷ್ಟ್ರ ಕೈಬರಹ. ಅನಟೋಲಿಯದ ಹಲಗೆಗಳಲ್ಲಿ ಸಿಗುವುದು ಹುಯ್ಯುವ ಅರ್ಥ ಮಾತ್ರ ಎಂದು ಮೊದಲು ಬರೆದರು. ತೊಳೆಯುವ ಅರ್ಥ ಅದರ ಕೈ ಹಿಡಿದು ಬಂದಿರಬಹುದು, ಖಚಿತವಾಗಿ ಹೇಳಲಾರೆವು ಎಂದು ಆಮೇಲೆ. ಕೂಸಿಗೆ ಎರೆಯುವ ರೀತಿಯನ್ನು ಹೊಂಗಡಹಳ್ಳದ ದ್ಯಾವಮ್ಮನವರಲ್ಲಿ ನೋಡಿ ಕಲಿತೆವು ಎಂದು ಕೊನೆಗೆ. ಅಡಿಯಲ್ಲಿ ಎರಡು ರುಜು. ನಾನು ಆ ಪುಟವನ್ನು ಮೂರು ಸಲ ಓದಿದೆ. ತಿದ್ದಲು ಒಂದು ಕೊಂಬೂ ಸಿಗಲಿಲ್ಲ.

ಹಲಸಿನಕಾಯಿ ಪಲ್ಯ, ಅಕ್ಕಿ ರೊಟ್ಟಿ ಊಟ. ಎರಡು ಗಂಟೆಯ ಬಸ್ಸಿಗೆ ನಾನೊಬ್ಬಳೇ ಹತ್ತಿದೆ. ತೋಟದ ಹೂವು ತೋರಿಸದೆ ಬಿಡುವುದಿಲ್ಲ ಎಂದು ಗೌಡರು ಮೇಷ್ಟ್ರನ್ನು ಉಳಿಸಿಕೊಂಡಿದ್ದರು. ಕಣದ ಅಂಚಿನಲ್ಲಿ ಇಬ್ಬರೂ ನಿಂತು ಕೈ ಬೀಸುತ್ತಿದ್ದರು. ಬೀಸುತ್ತಲೇ ಮತ್ತೇನೋ ವಾದಕ್ಕೆ ಬಿದ್ದದ್ದು ತಿರುವಿನವರೆಗೂ ಕಾಣುತ್ತಿತ್ತು.

ಸಂಜೆ ಹಾಸನದ ಬಸ್ಸು ಪಾಳ್ಯದಲ್ಲಿ ನಿಂತಾಗ ಪಾರ್ವತಮ್ಮ ನಿಲ್ದಾಣದಲ್ಲಿದ್ದರು. ನಾನು ಕಿಟಕಿಯಿಂದ ಪುಟ ತೋರಿಸಿದೆ.

“ಇಬ್ರುದೂ ಐತಾ?” ಎಂದರು.

“ಇಬ್ಬರದೂ ಇದೆ. ಆದರೆ ಮೇಷ್ಟ್ರು ಬರಲಿಲ್ಲ, ಪಾರ್ವತಮ್ಮ.”

“ಗೊತ್ತು ಬುಡವ್ವ” ಎಂದು ಸೆರಗು ಸರಿಮಾಡಿಕೊಂಡು ಮನೆ ಕಡೆ ತಿರುಗಿದರು. “ಮೂರು ಜೊತೆ ಬಟ್ಟೆ ಇಟ್ಟಿದ್ದೆ.”