ಗೌಡರ ಛತ್ರಿಯ ಪತ್ರ

ಕೇಳಿ ಗೆಳೆಯರೇ, ಇವತ್ತು ನಮ್ಮೂರ ಗೌಡರಿಗೆ ನಿಜಾಮ್ ಸರ್ಕಾರದ ಟಪಾಲಿನಲ್ಲಿ ಒಂದು ಪತ್ರ ಬಂತು. ಓದಿ ಹೇಳುವ ಕುಲಕರ್ಣಿ ತಾಂಡೂರಿಗೆ ಹೋಗಿದ್ದ. ಹಾಗಾಗಿ ಮಿಷನ್ ಶಾಲೆಯ ಮಾಸ್ತರನಾದ ನನಗೆ ಕರೆ ಬಂತು.

ಮನೆ ಮುಂದಿನ ಕಟ್ಟೆಯ ಮೇಲೆ ಕೂತಿದ್ದ ಗೌಡರು ಪತ್ರವನ್ನು ನೆಲಕ್ಕೆ ಎಸೆದರು. "ಕಟ್ಟಿ ಹತ್ರ ಬರಬ್ಯಾಡ, ಮೈಲಿಗಿ ಆಗ್ತದ. ಕಿರಸ್ತಾನ ಆದ್ರ ಕೇರಿ ಬದಲಾತೇನು? ಅಲ್ಲೇ ಬೇವಿನ ಗಿಡದ ಕೆಳಗ ನಿಂತು ಜೋರಾಗಿ ಓದು."

ಜೋರಾಗಿಯೇ ಓದಿದೆ. ಬಾವಿಗೆ ಬಂದ ಹೆಂಗಸರೂ ಕೊಡ ಇಳಿಸಿ ಕೇಳತೊಡಗಿದರು. ಹೈದರಾಬಾದಿನಿಂದ ಅವರ ಭಾವಮೈದುನ ಬರೆದಿದ್ದ: "ಭಾವನವರಿಗೆ ನಮಸ್ಕಾರ. ನೀವು ಕಳೆದುಕೊಂಡ ಛತ್ರಿ ಸಿಕ್ಕಿದೆ."

ಮುಂದಿನ ಸಾಲು ಕಂಡು ಓದು ನಿಲ್ಲಿಸಿದೆ. ಛತ್ರಿ ಸಿಕ್ಕಿದ್ದು ಎಲ್ಲ ಜಾತಿಯವರೂ ಅವೇ ಕಪ್ಪುಗಳಲ್ಲಿ ಕುಡಿಯುವ ಇರಾನಿ ಹೋಟೆಲಿನಲ್ಲಿ, ಹೈದರಾಬಾದಿಗೆ ಹೋದಾಗಲೆಲ್ಲ ಗೌಡರು ದಿನಾ ಎರಡು ಹೊತ್ತು ಚಾ ಕುಡಿಯುತ್ತಿದ್ದ ಮೂಲೆಯ ಮೇಜಿನ ಕೆಳಗೆ.

"ಎಲ್ಲಿ ಸಿಕ್ತಂತ ಮಾಸ್ತರ?" ಬಾಗಿಲ ಮರೆಯಿಂದ ಗೌಡತಿ ಕೇಳಿದರು.

ನಾನು ಸುಳ್ಳು ಹೇಳುವಂತಿಲ್ಲ. ಊರೆದುರು ಒಬ್ಬರ ಮಾನ ಕಳೆಯುವಂತೆಯೂ ಇಲ್ಲ.

"ಗೌಡ್ರೇ, ಇದು ಕಿವ್ಯಾಗ ಹೇಳೋ ಮಾತದರಿ. ಇಲ್ಲಿಂದ ಓದಿದ್ರ ಊರೆಲ್ಲ ಕೇಳ್ತದ."

ಗೌಡರು ನನ್ನ ಮುಖವನ್ನೇ ನೋಡಿದರು. ಆಮೇಲೆ ಕಂಬಳಿ ಸರಿಸಿ ಜಾಗ ಮಾಡಿದರು. "ಬಾರಪ್ಪ, ಮ್ಯಾಲ ಕುಂದರು."

ಕಿವಿಯಲ್ಲಿ ಓದಿದೆ. ಮುಗಿದ ಮೇಲೆ ಪತ್ರವನ್ನು ಎರಡೂ ಕೈ ಚಾಚಿ ತೆಗೆದುಕೊಂಡರು.

ಹಗೆಯವರಿಗೂ ಒಳ್ಳೆಯದು ಮಾಡಬೇಕೆಂದು ನಮ್ಮ ಪಾದ್ರಿಗಳು ಪ್ರತಿ ಭಾನುವಾರ ಹೇಳುತ್ತಾರೆ. ಅದರಲ್ಲಿ ಇಷ್ಟು ಮಜಾ ಇದೆ ಎಂದು ಮಾತ್ರ ಒಮ್ಮೆಯೂ ಹೇಳಿಲ್ಲ.