ದಾರ ಕಚ್ಚುತ್ತಿದ್ದ ಹಲ್ಲು

ನಲವತ್ತು ದಾಟಿದ ಹೆಂಗಸು ಹಲ್ಲಿಗೆ ಕ್ಲಿಪ್ಪು ಹಾಕಿಸಿಕೊಂಡರೆ ಬೀದಿಗೆ ಯಾಕಷ್ಟು ಕುತೂಹಲವೋ ಗೊತ್ತಿಲ್ಲ. ಮಂಡಿನೋವಿಗೆ ಪಟ್ಟಿ ಕಟ್ಟಿಕೊಂಡರೆ ಯಾರೂ ತಿರುಗಿ ನೋಡುವುದಿಲ್ಲ. ಹೊಸ ಕನ್ನಡಕ ಹಾಕಿಕೊಂಡರೆ ಚೆನ್ನಾಗಿದೆ ಎನ್ನುತ್ತಾರೆ. ಹಲ್ಲಿನ ಮೇಲೆ ಒಂದೆಳೆ ತಂತಿ ಕಂಡಿತೋ, "ಈ ವಯಸ್ಸಲ್ಲಿ ಯಾಕೆ ಇದೆಲ್ಲ?" ಎಂದು ಕೇಳದಿದ್ದರೆ ಅವರಿಗೆ ಉಂಡದ್ದು ಅರಗುವುದಿಲ್ಲ. ಟೈಲರಕ್ಕ ಮೊದಮೊದಲು ಈ ಪ್ರಶ್ನೆಗೆ ನಾಚಿಕೊಂಡಳು. ಆಮೇಲೆ "ಡಾಕ್ಟ್ರು ಹೇಳಿದ್ರು" ಎಂದು ಸುಳ್ಳು ಹೇಳಿ ನೋಡಿದಳು. ಕೊನೆಗೆ "ನನ್ನ ಹಲ್ಲು, ನನ್ನಿಷ್ಟ" ಎಂದು ಕೇಳಿದವರ ಬಾಯಿ ಮುಚ್ಚಿಸಿದಳು.

ಅವಳ ಅಂಗಡಿ ಎಂದರೆ ಮೆಟ್ಟಿಲ ಕೆಳಗಿನ ಒಂದು ಕೋಣೆ. ಹೊಲಿಗೆ ಮೆಷಿನ್ನು, ಬಟ್ಟೆ ಕತ್ತರಿಸುವ ಮೇಜು, ಗೋಡೆಗೆ ಒಂದು ಆಳೆತ್ತರದ ಕನ್ನಡಿ, ಅಷ್ಟಕ್ಕೇ ಜಾಗ ಮುಗಿಯಿತು. ಬಾಗಿಲ ಪಕ್ಕದಲ್ಲಿ ಅವಳ ಗಂಡ ಒಂದು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಗಡಿಯಾರ ರಿಪೇರಿ ಮಾಡುತ್ತಿದ್ದ. ಒಳಗಿನ ಮೂಲೆಯ ಕುರ್ಚಿ ಅತ್ತೆಯದು. ಅವರು ಗುಂಡಿ ಹಾಕುವುದು, ಅಂಚು ಮಡಚಿ ಹೊಲಿಯುವುದು ಮಾಡುತ್ತಾ, ಬಂದುಹೋಗುವವರ ಬಟ್ಟೆಯ ಮೇಲೂ ಬದುಕಿನ ಮೇಲೂ ಒಂದೊಂದು ಮಾತು ಎಸೆಯುತ್ತಾ ಕೂತಿರುತ್ತಿದ್ದರು. ಅವರ ಬಾಯಲ್ಲಿದ್ದದ್ದು ಕಟ್ಟಿಸಿಕೊಂಡ ಹಲ್ಲಿನ ಸೆಟ್ಟು. ಸ್ವಂತದ್ದು ಒಂದೂ ಉಳಿದಿರಲಿಲ್ಲ, ಮಾತಿಗೆ ಮಾತ್ರ ಏನೂ ಕಡಿಮೆಯಾಗಿರಲಿಲ್ಲ.

ಟೈಲರಕ್ಕನ ಮೇಲಿನ ಮುಂದಿನ ಹಲ್ಲುಗಳು ಒಂದರ ಹೆಗಲ ಮೇಲೊಂದು ಹತ್ತಿ ಕೂತಿದ್ದವು. ಮದುವೆಯ ಹೊಸತರಲ್ಲಿ ಫೋಟೋ ತೆಗೆಸಿಕೊಳ್ಳಲು ಸ್ಟುಡಿಯೋಗೆ ಹೋದಾಗ ಅತ್ತೆ ಕ್ಯಾಮೆರಾದ ಹಿಂದೆ ನಿಂತು, "ಬಾಯಿ ಮುಚ್ಕೊಂಡು ನಗಮ್ಮಾ, ಹಲ್ಲು ಕಾಣ್ತಿದೆ" ಎಂದಿದ್ದರು. ಕೆಟ್ಟ ಮನಸ್ಸಿನಿಂದ ಆಡಿದ ಮಾತಲ್ಲ. ಮನೆಗೆ ಬರುವಷ್ಟರಲ್ಲಿ ಅವರು ಅದನ್ನು ಮರೆತೂ ಇದ್ದರು. ಸೊಸೆಗೆ ಮಾತ್ರ ಅದು ಮುಳ್ಳಿನ ಹಾಗೆ ನೆಟ್ಟಿತು. ಅಂದಿನಿಂದ ನಗು ಬಂದರೆ ಅವಳ ಬಲಗೈ ತಾನಾಗಿಯೇ ಮೇಲೆದ್ದು ಬಾಯಿಗೆ ಅಡ್ಡ ಬರುತ್ತಿತ್ತು. ಇಪ್ಪತ್ತು ವರ್ಷ ಹಾಗೆ ನಕ್ಕು ನಕ್ಕು ಅವಳಿಗೆ ಬೇಸರ ಬಂತು. ಒಂದು ಬೆಳಿಗ್ಗೆ ಯಾರನ್ನೂ ಕೇಳದೆ, ತನ್ನ ಹತ್ತಿರವೇ ಬಿಳಿ ಕೋಟು ಹೊಲಿಸುತ್ತಿದ್ದ ಹಲ್ಲಿನ ಡಾಕ್ಟರಮ್ಮನ ಕ್ಲಿನಿಕ್ಕಿನ ಮೆಟ್ಟಿಲು ಹತ್ತಿದಳು.

ಹಲ್ಲಿಗೆ ಕ್ಲಿಪ್ಪು ಕೂತಿತು. ಮೊದಲ ವಾರ ನೋವು, ಆಮೇಲೆ ಒಗ್ಗಿಹೋಯಿತು. ಹಲ್ಲುಗಳು ಒಂದೊಂದಾಗಿ ಹೆಗಲಿಂದ ಕೆಳಗಿಳಿಯತೊಡಗಿದವು. ಕನ್ನಡಿಯ ಮುಂದೆ ಅಳತೆ ತೆಗೆಯುವಾಗ ಗಿರಾಕಿಯ ಭುಜದ ಪಕ್ಕದಿಂದ ತನ್ನ ಹಲ್ಲನ್ನೇ ಇಣುಕಿ ನೋಡಿಕೊಳ್ಳುವಷ್ಟು ಖುಷಿ ಅವಳಿಗೆ.

ಆರು ತಿಂಗಳಾದ ಮೇಲೆ ಡಾಕ್ಟರಮ್ಮ ಎಕ್ಸ್‌ರೇ ತೆಗೆಸಿದರು. ಗಂಡನೂ ಜೊತೆಗೆ ಹೋಗಿದ್ದ. ಕಂಪ್ಯೂಟರ್ ಪರದೆಯ ಮೇಲೆ ಹಲ್ಲುಗಳು ಬೇರು ಸಮೇತ ಬೆಳ್ಳಗೆ ಕಂಡವು. ಡಾಕ್ಟರಮ್ಮನ ಮುಖ ಮಾತ್ರ ಸಪ್ಪಗಾಯಿತು.

"ಅಕ್ಕ, ಇಲ್ನೋಡಿ. ಮೊದಲ್ನೇ ಎಕ್ಸ್‌ರೇಲಿ ಮುಂದಿನ ಈ ಎರಡು ಹಲ್ಲಿನ ಬೇರು ಚೂಪಾಗಿದೆ. ಈಗ ತುದಿ ಸವೆದು ಮೊಂಡಾಗಿದೆ."

"ನಂಗೆ ನೋವೇ ಇಲ್ವಲ್ಲ ಡಾಕ್ಟ್ರೇ?"

"ಇರಲ್ಲ. ಅದಕ್ಕೇ ಎಕ್ಸ್‌ರೇ ತೆಗೆದು ನೋಡ್ತಿರಬೇಕು. ಹಲ್ಲು ಸರೀಬೇಕು ಅಂದ್ರೆ ಮುಂದಿರೋ ಮೂಳೆ ಕರಗಿ ದಾರಿ ಬಿಡ್ಬೇಕು. ಕೆಲವರಿಗೆ ಮೂಳೆ ಜೊತೆ ಬೇರಿನ ತುದೀನೂ ಕರಗುತ್ತೆ. ಸ್ವಲ್ಪ ಆದ್ರೆ ಪರವಾಗಿಲ್ಲ. ನಿಮ್ಗೆ ಸ್ವಲ್ಪಕ್ಕಿಂತ ಜಾಸ್ತಿನೇ ಆಗಿದೆ."

"ಮತ್ತೆ ಬೆಳೆಯುತ್ತಾ?"

"ಇಲ್ಲ. ಹೋಗಿದ್ದು ಹೋಯ್ತು. ಇರೋದನ್ನ ಉಳಿಸ್ಕೋಬೇಕು. ಮೂರು ತಿಂಗಳು ಎಳೆಯೋದು ನಿಲ್ಲಿಸೋಣ, ತಂತಿ ಸುಮ್ನೆ ಹಲ್ಲನ್ನ ಹಿಡ್ಕೊಂಡಿರಲಿ. ಆಮೇಲೆ ಇನ್ನೊಂದು ಎಕ್ಸ್‌ರೇ. ಬೇರು ಅಲ್ಲೇ ನಿಂತಿದ್ರೆ ಮುಂದುವರಿಸೋಣ. ಇನ್ನೂ ಸವೆದಿದ್ರೆ ಎಲ್ಲಾ ಬಿಚ್ಚಿಬಿಡೋದು."

ಅರ್ಧ ನೆಟ್ಟಗಾದ ಹಲ್ಲಿನಲ್ಲೇ ಉಳಿಯಬೇಕೆ? ಸಾಲದ್ದಕ್ಕೆ ಮೊಂಡು ಬೇರು ಬೇರೆ? ಟೈಲರಕ್ಕ ಆ ಎರಡು ಹಲ್ಲನ್ನು ನಾಲಿಗೆಯಿಂದ ಮುಟ್ಟಿ ನೋಡಿಕೊಂಡಳು. ಡಾಕ್ಟರಮ್ಮ ಬರೆದುಕೊಳ್ಳುತ್ತಾ ಕೇಳಿದರು: "ಉಗುರು ಕಚ್ತೀರಾ? ಪೆನ್ನು, ಪೆನ್ಸಿಲ್ಲು? ನಿದ್ದೇಲಿ ಹಲ್ಲು ಕಡಿಯೋದು?"

"ಇಲ್ಲ, ಇಲ್ಲ."

"ಗೊರಕೆ ಹೊಡೀತಾಳೆ" ಎಂದ ಗಂಡ, ಸಹಾಯ ಮಾಡುವವನ ಹಾಗೆ.

"ಅದಕ್ಕೂ ಬೇರಿಗೂ ಸಂಬಂಧ ಇಲ್ಲ" ಎಂದರು ಡಾಕ್ಟರಮ್ಮ.

ಟೈಲರಕ್ಕ ಹೇಳಿದ್ದು ಸುಳ್ಳಲ್ಲ. ಬೇಕಾದರೆ ಮೆಷಿನ್ನು ಮುಟ್ಟಿ ಆಣೆ ಇಡುತ್ತಿದ್ದಳು.

ಮುಂದಿನ ವಾರ ಡಾಕ್ಟರಮ್ಮ ಹೊಸ ಕೋಟಿನ ಅಳತೆ ಸರಿಯಿದೆಯೇ ಎಂದು ಹಾಕಿ ನೋಡಲು ಅಂಗಡಿಗೆ ಬಂದರು. ಕನ್ನಡಿಯ ಮುಂದೆ ಕೈ ಅಗಲಿಸಿ ನಿಂತರು. ಹಿಂದೆ ಟೈಲರಕ್ಕ ಮಂಡಿಯೂರಿ ಕೋಟಿನ ಅಂಚು ಮಡಚುತ್ತಿದ್ದಳು. ಒಂದು ಸಾಲು ಗುಂಡುಸೂಜಿಯನ್ನು ಮುಂದಿನ ಹಲ್ಲುಗಳ ನಡುವೆ ಕಚ್ಚಿಕೊಂಡಿದ್ದಳು. ಒಂದೊಂದಾಗಿ ಎಳೆದು ಬಟ್ಟೆಗೆ ಚುಚ್ಚಿದಳು. ಸಡಿಲವಾಗಿದ್ದ ಜೇಬಿಗೆ ನಾಲ್ಕು ಹೊಲಿಗೆ ಹಾಕಿ, ಗಂಟು ಬಿಗಿದು, ಬಾಗಿ ದಾರವನ್ನು ಹಲ್ಲಿನಲ್ಲಿ ಕಟಕ್ಕೆಂದು ಕಡಿದಳು.

ಡಾಕ್ಟರಮ್ಮ ಕನ್ನಡಿಯಲ್ಲಿ ಎಲ್ಲವನ್ನೂ ನೋಡಿದರು.

"ಅಕ್ಕಾ! ಏನ್ ಮಾಡ್ತಿದ್ದೀರಾ?"

"ಜೇಬು ಹಾಕ್ತಿದ್ದೀನಿ."

"ಬಾಯಲ್ಲಿ ಏನ್ ಮಾಡಿದ್ರಿ ಈಗ?"

"ದಾರ ಕಡಿದೆ."

"ಏನಾದ್ರೂ ಕಚ್ಚೋ ಅಭ್ಯಾಸ ಇದ್ಯಾ ಅಂತ ಅಷ್ಟು ಕೇಳಿದ್ನಲ್ಲ!"

"ನೀವು ಉಗುರು ಕೇಳಿದ್ರಿ, ಪೆನ್ನು ಕೇಳಿದ್ರಿ. ದಾರ ಕಡಿಯೋದು ಅಭ್ಯಾಸ ಅಲ್ವಲ್ಲ ಡಾಕ್ಟ್ರೇ. ಅದು ಕೆಲಸ."

ಡಾಕ್ಟರಮ್ಮನಿಗೆ ನಗಬೇಕೋ ಬೈಯಬೇಕೋ ತಿಳಿಯಲಿಲ್ಲ. "ಅಂದ್ರೆ ನನ್ನ ಹಳೇ ಕೋಟುಗಳೂ..."

"ಎಲ್ಲಾ ಈ ಹಲ್ಲಲ್ಲೇ ಮುಗಿಸಿದ್ದು" ಎಂದಳು ಟೈಲರಕ್ಕ, ಸ್ವಲ್ಪ ಜಂಬದಿಂದಲೇ.

"ಇದೊಂದೇ ಕಾರಣ ಅಂತ ನಾನು ಪ್ರಮಾಣ ಮಾಡಲ್ಲ. ಆದ್ರೆ ನಾನು ತಂತಿ ಎಳೆಯೋದು ನಿಲ್ಲಿಸಿದ್ದೀನಿ, ನೀವು ದಾರ ಎಳೆಯೋದು ನಿಲ್ಲಿಸಿಲ್ಲ. ಆ ಎರಡು ಹಲ್ಲಿಗೆ ರೆಸ್ಟ್ ಸಿಗೋದು ಯಾವಾಗ?"

ಅವರು ಹೋದ ಮೇಲೆ ಟೈಲರಕ್ಕ ಮೆಷಿನ್ನಿನ ಮುಂದೆ ಮಂಕಾಗಿ ಕೂತಳು. ಡಾಕ್ಟರಮ್ಮ ಹೇಳಿದ್ದು ಸುಲಭದ ಕೆಲಸವೆಂದು ನೀವು ಅಂದುಕೊಂಡರೆ, ನೀವು ಯಾವತ್ತೂ ಅವಸರದಲ್ಲಿ ಬಟ್ಟೆ ಹೊಲಿದಿಲ್ಲ ಎಂದೇ ಅರ್ಥ. ಕತ್ತರಿ ಎಂಬುದು ಬೇಕಾದಾಗ ಯಾವತ್ತೂ ಬಟ್ಟೆಯ ಅಡಿಯಲ್ಲೇ ಇರುತ್ತದೆ. ಹಲ್ಲು ಯಾವಾಗಲೂ ಬಾಯಲ್ಲೇ ಇರುತ್ತದೆ. ಅವಳಿಗೆ ಹೊಲಿಗೆ ಕಲಿಸಿದ ಚಿಕ್ಕಮ್ಮನೂ ಹಾಗೆಯೇ ಕಡಿಯುತ್ತಿದ್ದಳು. ಅದನ್ನು ಕಲಿತದ್ದು ಯಾವಾಗ ಎಂದೇ ನೆನಪಿಲ್ಲದ ಮೇಲೆ ಮರೆಯುವುದಾದರೂ ಹೇಗೆ?

ಗಂಡ ಮಾತಾಡದೆ ಒಂದು ಕೆಲಸ ಮಾಡಿದ. ಹಳೆಯ ಕೈಗಡಿಯಾರದ ಪಟ್ಟಿಯೊಂದನ್ನು ತೆಗೆದು, ಗಡಿಯಾರ ಇರಬೇಕಾದ ಕಡೆ ಹತ್ತಿ ತುಂಬಿದ ಪುಟ್ಟ ದಿಂಬು ಕೂರಿಸಿ, ಅವಳ ಎಡಗೈಗೆ ಕಟ್ಟಿದ. ಗುಂಡುಸೂಜಿಗೆ ಮನೆ ಸಿಕ್ಕಿತು. ದಾರ ಕತ್ತರಿಸುವ ಸಣ್ಣ ಕತ್ತರಿಯೊಂದು ರಿಬ್ಬನ್ನಿನಲ್ಲಿ ಕುತ್ತಿಗೆಗೆ ಬಂತು. ಯಾರಾದರೂ ಟೈಮೆಷ್ಟು ಎಂದರೆ ಅವಳು ಸೂಜಿದಿಂಬು ನೋಡಿ ಪೆಚ್ಚಾಗುತ್ತಿದ್ದಳು.

ಕಾವಲಿನ ಕೆಲಸವನ್ನು ಅತ್ತೆ ಯಾರೂ ಹೇಳದೆಯೇ ವಹಿಸಿಕೊಂಡರು. ಸೊಸೆಯ ತಲೆ ದಾರದ ಕಡೆ ಬಾಗಿತೋ ಇಲ್ಲವೋ, ಮೂಲೆಯಿಂದ ಗುಡುಗು: "ಬಾಯಿ!" ಬೆಳಿಗ್ಗೆಯಿಂದ ಸಂಜೆಯವರೆಗೆ ಬಾಯಿ, ಬಾಯಿ, ಬಾಯಿ. ಪ್ಯಾಂಟಿನ ಉದ್ದ ಇಳಿಸಲು ಬಂದಿದ್ದ ಬ್ಯಾಂಕಿನ ಗುಮಾಸ್ತರು ಆಕಳಿಸುತ್ತಿದ್ದವರು ಬೆಚ್ಚಿ ಬಾಯಿ ಮುಚ್ಚಿಕೊಂಡು, "ಸಾರಿ" ಎಂದರು. ಟೈಲರಕ್ಕ ಹೊಟ್ಟೆ ಹಿಡಿದುಕೊಂಡು ನಕ್ಕಳು, ಬಲಗೈ ಬಾಯಿಗೆ ಅಡ್ಡವಿಟ್ಟುಕೊಂಡೇ.

ಆದರೆ ಕೆಲಸ ಹಿಂದೆ ಬಿತ್ತು. ಶಾಲೆ ಶುರುವಾಗುವ ಕಾಲ, ಸಮವಸ್ತ್ರಗಳು ಮೇಜಿನ ಮೇಲೆ ಗುಡ್ಡೆ ಬಿದ್ದಿದ್ದವು. ಕತ್ತರಿ ಹಿಡಿ, ಕತ್ತರಿಸು, ಕತ್ತರಿ ಬಿಡು. ಒಂದು ಮಧ್ಯಾಹ್ನ ನಾಲ್ಕನೇ ಸಲ "ಬಾಯಿ!" ಕೇಳಿದಾಗ ಅವಳಿಗೆ ರೇಗಿಹೋಯಿತು.

"ಹೋದ್ರೆ ಹೋಗ್ಲಿ ಬಿಡಿ ಅತ್ತೆ ಈ ಹಲ್ಲು! ನಿಮ್ಮ ಹಾಗೆ ನಾನೂ ಒಂದು ಸೆಟ್ಟು ಕಟ್ಟಿಸ್ಕೋತೀನಿ. ಒಂದೇ ದಿನಕ್ಕೆ ನೆಟ್ಟಗಾಗುತ್ತೆ!"

ಅತ್ತೆ ಕೈಯಲ್ಲಿದ್ದ ಅಂಗಿ ಕೆಳಗಿಟ್ಟರು. ಬಾಗಿಲ ಕಡೆ ಒಮ್ಮೆ ನೋಡಿ, ಗಿರಾಕಿಗಳಿಲ್ಲವೆಂದು ಖಾತ್ರಿ ಮಾಡಿಕೊಂಡು, ಸೆಟ್ಟನ್ನು ತೆಗೆದು ಅಂಗೈಯಲ್ಲಿಟ್ಟುಕೊಂಡರು. ಮುಖ ಒಳಗೆ ಕುಸಿದು ಹತ್ತು ವರ್ಷ ಹೆಚ್ಚಾಯಿತು. ಆಡಿದ ಮಾತೆಲ್ಲ ಗಾಳಿಯಾಗಿ ಹೊರಬಂತು.

"ನೋಡು. ಸರಿಯಾಗಿ ನೋಡು. ಬೇಕಾ? ಬಿಸಿ ಯಾವ್ದು ತಣ್ಣಗೆ ಯಾವ್ದು ಅಂತ ಬಾಯಿಯ ಅಂಗಳಕ್ಕೆ ಗೊತ್ತೇ ಆಗಲ್ಲ. ಸೀನಿದ್ರೆ ಎಲ್ಲಿ ಹಾರಿಹೋಗುತ್ತೋ ಅಂತ ಭಯ. ನಂಗೂ ಒಂದು ಕಾಲದಲ್ಲಿ ಬೇರಿತ್ತು ಕಣೇ. ಇದ್ದಾಗ ಯಾರೂ ನಂಗೆ 'ಬಾಯಿ' ಅನ್ನಲಿಲ್ಲ."

ಟೈಲರಕ್ಕ ಕತ್ತರಿ ಎತ್ತಿಕೊಂಡು ದಾರ ಕತ್ತರಿಸಿದಳು. ಅತ್ತೆ ಸೆಟ್ಟು ಹಾಕಿಕೊಂಡು, ಗಂಟಲು ಸರಿಮಾಡಿಕೊಂಡು, ಎಂದಿನ ದನಿಯಲ್ಲಿ "ಕಾಲರು ಸೊಟ್ಟಗಿದೆ" ಎಂದರು.

ಅಂದಿನಿಂದ ರೇಗುವುದು ನಿಂತಿತು. ಬರಬರುತ್ತಾ ಕೈ ಕತ್ತರಿಗೆ ಒಗ್ಗಿತು. ಇನ್ನೊಂದು ಸಂಗತಿಯನ್ನು ಗಂಡ ಮೊದಲು ಗಮನಿಸಿದ. ಗುಂಡುಸೂಜಿ ಇಲ್ಲದ ಬಾಯಿ ಖಾಲಿ ಇರುತ್ತಿತ್ತಲ್ಲ, ಅದು ಮಾತಾಡತೊಡಗಿತ್ತು. ಇಷ್ಟು ದಿನ ಅಳತೆ ತೆಗೆಯುವಾಗ "ಉಂ", "ಉಹುಂ" ಬಿಟ್ಟರೆ ಬೇರೇನೂ ಹೇಳದವಳು ಈಗ ಗಿರಾಕಿಗಳಿಗೆ ತಮಾಷೆ ಮಾಡುತ್ತಿದ್ದಳು, ಮೆಷಿನ್ನು ತುಳಿಯುತ್ತಾ ರಾಗ ತೆಗೆಯುತ್ತಿದ್ದಳು. "ಇವಳು ಇಷ್ಟು ಮಾತಾಡ್ತಾಳೆ ಅಂತ ಮದುವೆಗೆ ಮುಂಚೆ ಹೇಳ್ಬೇಕಿತ್ತು" ಎಂದು ಗಂಡ ಗೊಣಗಿದ. ಖುಷಿಯಾಗಿದ್ದಾಗ ಅವನು ಗೊಣಗುವುದು ಹಾಗೆಯೇ.

ಮೂರು ತಿಂಗಳಾಯಿತು. ಕ್ಲಿನಿಕ್ಕಿಗೆ ಈ ಸಲ ಅತ್ತೆಯೂ ಹೊರಟರು. ಕಾವಲು ಕಾದವರಿಗೆ ಫಲಿತಾಂಶ ನೋಡುವ ಹಕ್ಕಿಲ್ಲವೆ? ಎಕ್ಸ್‌ರೇ ಕೋಣೆಯಿಂದ ಹೊರಬಂದ ಟೈಲರಕ್ಕ ಅಂಗೈ ಬೆವರನ್ನು ಸೆರಗಿಗೆ ಒರೆಸಿಕೊಳ್ಳುತ್ತಾ ಕೂತಳು. ಎಳೆಯ ಮಕ್ಕಳ ತಾಯಂದಿರು, ತಂತಿ ಹಾಕಿಸಿಕೊಂಡ ಕಾಲೇಜು ಹುಡುಗಿಯರು ಸುತ್ತ ತುಂಬಿದ್ದರು. ಅವರ ಬೇರುಗಳೆಲ್ಲ ಚೂಪಾಗಿರಬಹುದೆಂದು ಅವಳಿಗೆ ಹೊಟ್ಟೆಕಿಚ್ಚಾಯಿತು.

ಡಾಕ್ಟರಮ್ಮ ಅವರನ್ನು ಒಳಗೆ ಕರೆದು, ಹಳೆಯ ಎಕ್ಸ್‌ರೇ, ಹೊಸ ಎಕ್ಸ್‌ರೇ ಎರಡನ್ನೂ ಪರದೆಯ ಮೇಲೆ ಅಕ್ಕಪಕ್ಕ ಇಟ್ಟರು. ಅಳೆದರು. ಇನ್ನೊಮ್ಮೆ ಅಳೆದರು. ಅಳತೆಯ ಕಸುಬಿನ ಹೆಂಗಸು ಉಸಿರು ಬಿಗಿಹಿಡಿದು ನೋಡುತ್ತಿದ್ದಳು.

"ಅಲ್ಲೇ ನಿಂತಿದೆ ಅಕ್ಕ. ಕೂದಲೆಳೆಯಷ್ಟೂ ಸವೆದಿಲ್ಲ. ಉಳಿದಿರೋ ಬೇರು ಹಲ್ಲನ್ನ ಹಿಡ್ಕೊಳ್ಳೋಕೆ ಧಾರಾಳ ಸಾಕು. ಇನ್ಮೇಲೆ ಮೆತ್ತಗೆ ಎಳೆಯೋಣ, ಮಧ್ಯೆ ಮಧ್ಯೆ ಎಕ್ಸ್‌ರೇ ತೆಗೆದು ನೋಡ್ತಿರೋಣ. ಸ್ವಲ್ಪ ನಿಧಾನ ಆಗುತ್ತೆ. ಪರವಾಗಿಲ್ವಾ?"

"ನಿಧಾನವಾಗ್ಲಿ ಡಾಕ್ಟ್ರೇ. ನಾನೂ ನಿಮ್ಮ ಕೋಟು ಈಗ ನಿಧಾನವಾಗೇ ಹೊಲೀತಿದ್ದೀನಿ."

ಡಾಕ್ಟರಮ್ಮ ನಕ್ಕರು. ಟೈಲರಕ್ಕನಿಗೂ ತಡೆಯಲಾಗಲಿಲ್ಲ, ಮೂರು ತಿಂಗಳ ಹೆದರಿಕೆಯೆಲ್ಲ ಒಟ್ಟಿಗೆ ನಗುವಾಗಿ ಬಂತು. ಅದರ ಜೊತೆಗೆ ಬಲಗೈ ಎಂದಿನಂತೆ ಮೇಲೆದ್ದು ಬಾಯಿಗೆ ಅಡ್ಡ ಬಂತು.

"ಕೈ!"

ಹೊರಗೆ ಕಾಯುತ್ತಿದ್ದವರೆಲ್ಲ ತಲೆಯೆತ್ತಿದರು. ಡಾಕ್ಟರಮ್ಮನ ಕೈಯಿಂದ ಪೆನ್ನು ಬಿತ್ತು. ಅತ್ತೆ ಕುರ್ಚಿಯ ಅಂಚಿಗೆ ಬಂದು ಕೂತಿದ್ದರು. ಕಣ್ಣು ಸೊಸೆಯ ಮೇಲೆಯೇ ಇತ್ತು.

"ಕೈ ತೆಗಿ" ಎಂದರು ಮತ್ತೆ, ಈ ಸಲ ಮೆಲ್ಲಗೆ.

ಟೈಲರಕ್ಕ ಅವರ ಮುಖ ನೋಡಿದಳು. ಆ ಸ್ಟುಡಿಯೋದ ದಿನ ಅವರಿಗೆ ನೆನಪಿತ್ತೋ ಇಲ್ಲವೋ, ಕೇಳಬೇಕೆಂದು ಅವಳಿಗೆ ಅನ್ನಿಸಲಿಲ್ಲ. ಕೈಯನ್ನು ಇಳಿಸಿ ಮಡಿಲಲ್ಲಿಟ್ಟುಕೊಂಡಳು. ತಂತಿ, ಕ್ಲಿಪ್ಪು, ಇನ್ನೂ ನೆಟ್ಟಗಾಗದ ಎರಡು ಹಲ್ಲು, ಎಲ್ಲವೂ ಕಾಣುವ ಹಾಗೆ ನಕ್ಕಳು.